ನಾಲ್ವರು ಸತ್ತದ್ದು ಆಟದ ಮೋಸದಿಂದಲೇ?

ಪ್ರಶ್ನೆ: ರಿಯಾಯಿತಿಯಲ್ಲಿ ಸಿಕ್ಕಿತೆಂದು ‘ಡಾರ್ಕೆಸ್ಟ್ ಡಂಜನ್’ ಎಂಬ ಕಂಪ್ಯೂಟರ್ ಆಟವನ್ನು ಕೊಂಡೆ. ಇಪ್ಪತ್ತೆರಡು ವಾರ ಚೆನ್ನಾಗಿಯೇ ನಡೆಯಿತು. ಕಳೆದ ಶನಿವಾರ ರಾತ್ರಿ ನನ್ನ ಅತ್ಯುತ್ತಮ ತಂಡದ ನಾಲ್ವರೂ ಕಾಡಿನ ದಂಡಯಾತ್ರೆಯಲ್ಲಿ ಸತ್ತರು. ಹೊರಡುವಾಗ ಮದ್ದು ಮಾಡುವ ವೆಸ್ಟಲ್‌ಳ ಒತ್ತಡ 60 ಇತ್ತು, ಉಳಿದವರು ಸರಿಯಾಗಿಯೇ ಇದ್ದರು. ಒಂದೇ ಕೋಣೆ ಬಾಕಿ ಇರುವಾಗ ಅವಳು ಮತಿಗೆಟ್ಟು ಎಲ್ಲರನ್ನೂ ಬೈಯತೊಡಗಿದಳು. ಸಾವನ್ನು ತಡೆಯುವ ಅವಕಾಶ ಶೇ. 67 ಎಂದು ತೋರಿಸುತ್ತಿದ್ದರೂ ಮೂವರು ಸಾಲಾಗಿ ಹೋದರು. ನಾಲ್ವರಿಗೂ ಕಚೇರಿಯ ಸಹೋದ್ಯೋಗಿಗಳ ಹೆಸರಿಟ್ಟಿದ್ದೆ. ಸೋಮವಾರ ಅವರ ಮುಖ ನೋಡುವುದೇ ಕಷ್ಟವಾಯಿತು. ಇದೊಂದು ಮೇರುಕೃತಿ ಎಂದು ಕೆಲವರು ಬರೆಯುತ್ತಾರೆ, ಇನ್ನು ಕೆಲವರು ಇದನ್ನು ಜೂಜು ಎಂದು ಬೈಯುತ್ತಾರೆ. ತಪ್ಪು ನನ್ನದೋ, ಆಟದ್ದೋ? ಮುಂದುವರಿಸಲೇ, ಅಳಿಸಿ ಹಾಕಲೇ? ದುಡ್ಡು ಕೊಟ್ಟು ಹೆದರಿಕೊಳ್ಳುವುದೇಕೆ ಎಂದು ಅಮ್ಮ ಬೇರೆ ಕೇಳುತ್ತಿದ್ದಾರೆ. — ಓದುಗರೊಬ್ಬರು, ವಿಜಯನಗರ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ: ‘ಹೊರಡುವಾಗ ವೆಸ್ಟಲ್‌ಳ ಒತ್ತಡ 60 ಇತ್ತು’. ಉಳಿದದ್ದೆಲ್ಲ ಆ ಸಾಲಿನ ಹಿಂದೆಯೇ ನಡೆದು ಬಂದಿದೆ. ನಿಮ್ಮ ತಂಡ ಸತ್ತದ್ದು ಶನಿವಾರ ರಾತ್ರಿ ಕಾಡಿನಲ್ಲಲ್ಲ, ಅದಕ್ಕೂ ಮೊದಲು ಊರಿನಲ್ಲಿ ‘ಹೊರಡು’ ಎಂಬ ಗುಂಡಿಯನ್ನು ನೀವು ಒತ್ತಿದಾಗ. ಇದು ಒರಟಾಗಿ ಕೇಳಿಸಬಹುದು. ಆದರೆ ಈ ಆಟದ ಬಗ್ಗೆ ಆಟಗಾರರು ಹತ್ತು ವರ್ಷಗಳಿಂದ ಎರಡು ಪಾಳಯವಾಗಿ ಜಗಳವಾಡುತ್ತಿರುವುದಕ್ಕೆ ಕಾರಣ ಇಲ್ಲೇ ಇದೆ. ಹಾಗೆಂದು ಆಟದ ಕಡೆಯ ತಪ್ಪೇ ಇಲ್ಲ ಎನ್ನುವವನೂ ನಾನಲ್ಲ.

ಆಡದ ಓದುಗರಿಗಾಗಿ ಎರಡು ಮಾತು. ಕೆನಡಾದ ವ್ಯಾಂಕೂವರ್‌ನ ರೆಡ್ ಹುಕ್ ಸ್ಟುಡಿಯೋಸ್ ಎಂಬ ಸಣ್ಣ ಸಂಸ್ಥೆ ಮಾಡಿದ ಆಟ ಇದು. ಕ್ರಿಸ್ ಬುರಾಸಾ ಮತ್ತು ಟೈಲರ್ ಸಿಗ್ಮನ್ ಇದರ ಸ್ಥಾಪಕರು. 2014ರಲ್ಲಿ ಜನರಿಂದ ಚಂದಾ ಎತ್ತುವ ಕಿಕ್‌ಸ್ಟಾರ್ಟರ್ ತಾಣದ ಮೂಲಕ 75 ಸಾವಿರ ಡಾಲರ್ ಕೇಳಿದರು, ಜನ 3.13 ಲಕ್ಷ ಡಾಲರ್ ಕೊಟ್ಟರು. 2015ರ ಫೆಬ್ರವರಿಯಲ್ಲಿ ಆಟ ಅರೆಬೆಂದ ಸ್ಥಿತಿಯಲ್ಲೇ ಮಾರಾಟಕ್ಕೆ ಬಂತು, 2016ರ ಜನವರಿ 19ರಂದು ಪೂರ್ಣಗೊಂಡಿತು. ಕಥೆ ಇಷ್ಟು: ಹಿರಿಯನೊಬ್ಬ ಮನೆತನದ ಬಂಗಲೆಯ ಅಡಿ ಅಗೆಸಿ ಏನನ್ನೋ ಎಬ್ಬಿಸಿ ಸತ್ತಿದ್ದಾನೆ, ವಾರಸುದಾರರಾದ ನೀವು ಕೂಲಿಗೆ ಬಂದ ವೀರರನ್ನು ನಾಲ್ಕು ನಾಲ್ಕು ಜನರಂತೆ ಕತ್ತಲೆಯೊಳಗೆ ಕಳಿಸಿ ಅದನ್ನು ಶುಚಿ ಮಾಡಿಸಬೇಕು. ಒಂದು ದಂಡಯಾತ್ರೆ ಮುಗಿದರೆ ಒಂದು ವಾರ ಕಳೆಯಿತು. ಸತ್ತವರು ಸತ್ತೇ ಹೋದರು. ಪ್ರತಿ ಹೆಜ್ಜೆಯೂ ತಾನಾಗಿ ದಾಖಲಾಗುವುದರಿಂದ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುವ ದಾರಿ ಇಲ್ಲ. ಒಮ್ಮೆ ಮಳೆಗಾಲದಲ್ಲಿ ಕಾಳಗದ ನಡುವೆ ನಮ್ಮ ಬೀದಿಯ ಕರೆಂಟ್ ಹೋಯಿತು. ನನ್ನ ಕ್ರುಸೇಡರ್ ವೀರ ಉಳಿದುಕೊಂಡ ಎಂದು ಖುಷಿಪಟ್ಟೆ. ಕರೆಂಟ್ ಬಂದ ಮೇಲೆ ನೋಡಿದರೆ, ಅವನು ಮೊದಲೇ ಸತ್ತಿದ್ದ.

ಈಗ ನಿಮ್ಮ ಶೇ. 67ಕ್ಕೆ ಬರೋಣ. ವೀರನ ಪ್ರಾಣಬಲ ಸೊನ್ನೆಗೆ ಇಳಿದರೆ ಅವನು ಕೂಡಲೇ ಸಾಯುವುದಿಲ್ಲ, ಸಾವಿನ ಹೊಸ್ತಿಲಿಗೆ ಬರುತ್ತಾನೆ. ಅಲ್ಲಿಂದ ಮುಂದೆ ಬೀಳುವ ಪ್ರತಿ ಏಟಿಗೂ ಹೊಸದಾಗಿ ಕವಡೆ ಬೀಳುತ್ತದೆ. ಸಾಮಾನ್ಯ ವೀರನಿಗೆ ಬದುಕುವ ಅವಕಾಶ ಶೇ. 67. ಒಂದು ಏಟಿಗೆ ಇದು ಒಳ್ಳೆಯ ಸಂಖ್ಯೆ. ಎರಡು ಏಟು ತಾಳಿಕೊಳ್ಳುವ ಸಾಧ್ಯತೆ ಶೇ. 45ಕ್ಕೆ ಇಳಿಯುತ್ತದೆ, ಮೂರಕ್ಕೆ ಶೇ. 30. ಪರದೆಯ ಮೇಲೆ ಮಾತ್ರ ಮೂರು ಸಲವೂ 67 ಎಂದೇ ಕಾಣುತ್ತದೆ. ಮೂವರು ಹೊಸ್ತಿಲಲ್ಲಿ ನಿಂತಿದ್ದರು, ಮದ್ದು ಮಾಡುವವಳು ಬೈಯುತ್ತಿದ್ದಳು, ಶತ್ರುಗಳಿಗೆ ಸುತ್ತಿನ ಮೇಲೆ ಸುತ್ತು ಸಿಗುತ್ತಿತ್ತು. ಅಂಥ ಹೊತ್ತಿನಲ್ಲಿ ಮೂವರೂ ಹೋಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಮನಸ್ಸು ಈ ಲೆಕ್ಕವನ್ನು ಒಪ್ಪುವುದಿಲ್ಲ ಎಂಬುದು ಆಟ ಕಟ್ಟುವವರಿಗೆಲ್ಲ ಗೊತ್ತು. ‘ಸಿವಿಲೈಸೇಶನ್’ ಆಟದ ಸಿಡ್ ಮೇಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಇದನ್ನೇ ವಿವರಿಸಿದ್ದರು: ಎದುರಾಳಿಯ ಮೂರು ಪಟ್ಟು ಬಲ ತಮ್ಮ ಕಡೆ ಇದೆ ಎಂದರೆ ಆಟಗಾರರು ಗೆಲುವು ಖಚಿತವೆಂದೇ ತಿಳಿಯುತ್ತಾರೆ, ಸೋತರೆ ಆಟ ಮೋಸ ಮಾಡಿತೆಂದು ಸಿಟ್ಟಾಗುತ್ತಾರೆ. ಮೇಯರ್ ಅವರ ತಂಡ ಆಟವನ್ನೇ ಆಟಗಾರರ ಭಾವನೆಗೆ ತಕ್ಕಂತೆ ಸಡಿಲಗೊಳಿಸಿತು. ಡಾರ್ಕೆಸ್ಟ್ ಡಂಜನ್ ನಿಮ್ಮ ಮನಸ್ಸನ್ನು ನೋಯಿಸಲೆಂದೇ ಹುಟ್ಟಿದ್ದು. ಚೌಕಾಬಾರ ಆಡಿದ ಮನೆಯವರಾದರೆ ನಿಮಗೆ ಇದು ಹೊಸತೇನಲ್ಲ. ಬೇಕಾದ ಗರ ಬೀಳದೆ ಹಣ್ಣಾಗಲು ಒಂದೇ ಮನೆ ಬಾಕಿ ಇದ್ದ ಕಾಯಿಯನ್ನು ಯಾರೋ ಕಡಿದಾಗ ಕವಡೆಯನ್ನು ಬೈಯುತ್ತೇವೆ. ಆ ಕಾಯಿಯನ್ನು ಕಟ್ಟೆಯಿಂದ ಹೊರಗೆ ತಂದು ನಿಲ್ಲಿಸಿದವರು ಯಾರು ಎಂದು ಮಾತ್ರ ಅಜ್ಜಿ ಕೇಳುತ್ತಾರೆ.

ನಿಮ್ಮ ಕಟ್ಟೆ ಊರಿನಲ್ಲಿತ್ತು. ಒತ್ತಡ 100 ಮುಟ್ಟಿದಾಗ ವೀರನ ಮನಸ್ಸಿನ ಪರೀಕ್ಷೆಯಾಗುತ್ತದೆ. ಸುಮಾರು ನಾಲ್ಕರಲ್ಲಿ ಮೂರು ಸಲ ಮನಸ್ಸು ಮುರಿಯುತ್ತದೆ. ಒಬ್ಬ ಹೆದರುಪುಕ್ಕನಾಗುತ್ತಾನೆ, ಇನ್ನೊಬ್ಬ ಸ್ವಾರ್ಥಿಯಾಗುತ್ತಾನೆ, ನಿಮ್ಮ ವೆಸ್ಟಲ್‌ಳಂತೆ ಮತ್ತೊಬ್ಬರು ಜೊತೆಯವರ ಮೇಲೆ ಹರಿಹಾಯುತ್ತಾರೆ. ಮುರಿದವರ ಒಂದೊಂದು ಮಾತೂ ಉಳಿದವರ ಒತ್ತಡ ಹೆಚ್ಚಿಸುವುದರಿಂದ ಒಬ್ಬರ ಬಿರುಕು ನಾಲ್ವರಿಗೂ ಹರಡುತ್ತದೆ. 200 ಮುಟ್ಟಿದರೆ ಹೃದಯಾಘಾತ. 60ರಿಂದ ಹೊರಟವಳಿಗೆ 100 ದೂರವೇನಿರಲಿಲ್ಲ. ಕತ್ತಲೆ, ಒಂದೆರಡು ಭಾರೀ ಏಟು, ಹಾದಿಯ ಒಂದು ಬಲೆ, ಇಷ್ಟೇ ಸಾಕು. ಅವಳನ್ನು ಒಂದು ವಾರ ಪ್ರಾರ್ಥನಾಮಂದಿರದಲ್ಲೋ ಹೆಂಡದಂಗಡಿಯಲ್ಲೋ ಬಿಟ್ಟಿದ್ದರೆ ಒತ್ತಡ ಇಳಿಯುತ್ತಿತ್ತು. ಆದರೆ ಅದಕ್ಕೆ ಚಿನ್ನದ ನಾಣ್ಯ ಖರ್ಚಾಗುತ್ತದೆ, ಆ ವಾರ ಅವಳು ಕೆಲಸಕ್ಕೆ ಸಿಗುವುದಿಲ್ಲ. ‘ಇದೊಂದು ವಾರ ಹೇಗೋ ನಡೆಯಲಿ’ ಎಂದು ಕಳಿಸಿದಿರಿ. ನಾನೂ ಕಳಿಸಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಹಾಗಾಗಿ ನನ್ನ ಮಟ್ಟಿಗೆ ಇದು ದೆವ್ವದ ವೇಷ ಹಾಕಿದ ಮೇಲ್ವಿಚಾರಕನ ಆಟ. ಅಸ್ಥಿಪಂಜರಗಳು, ಹಂದಿಮುಖದ ರಾಕ್ಷಸರು, ವೇಯ್ನ್ ಜೂನ್ ಅವರ ಗವಿಯೊಳಗಿಂದ ಬಂದಂತಹ ನಿರೂಪಣೆಯ ಧ್ವನಿ ಎಲ್ಲವೂ ಸೊಗಸಾಗಿವೆ, ಆದರೆ ಹತ್ತು ಗಂಟೆ ಆಡಿದ ಮೇಲೆ ಅವುಗಳಿಗೆ ಯಾರೂ ಹೆದರುವುದಿಲ್ಲ. ನಿಜವಾದ ಭಯ ಲೆಕ್ಕದ ಪುಸ್ತಕದಲ್ಲಿದೆ. ಗಮನಿಸಿ: ಬಂಡಿಯಲ್ಲಿ ಬಂದಿಳಿಯುವ ಹೊಸ ವೀರರು ಪುಕ್ಕಟೆ. ದಣಿದ ಹಳಬರ ಚಿಕಿತ್ಸೆಗೆ ಮಾತ್ರ ದುಡ್ಡು. ಈ ಎರಡು ವಾಕ್ಯ ಅಕ್ಕಪಕ್ಕ ಇಟ್ಟರೆ ಬೆಂಗಳೂರಿನ ಯಾವ ನೌಕರನಿಗೂ ಮೂರನೆಯದನ್ನು ಬಿಡಿಸಿ ಹೇಳಬೇಕಿಲ್ಲ. ಆಟಗಾರರು ಅದನ್ನು ಬಹುಬೇಗ ಕಂಡುಕೊಂಡರು: ಅಂದು ಬಂದ ನಾಲ್ವರು ಹೊಸಬರನ್ನು ಪಂಜೂ ಇಲ್ಲದೆ ಕತ್ತಲೆಗೆ ನುಗ್ಗಿಸುವುದು, ಕತ್ತಲೆಯಲ್ಲಿ ಲೂಟಿ ಹೆಚ್ಚು ಸಿಗುವುದರಿಂದ ಸಿಕ್ಕಷ್ಟು ಬಾಚಿಕೊಳ್ಳುವುದು, ಬದುಕಿ ಬಂದವರು ಮತಿಗೆಟ್ಟಿದ್ದರೆ ಕೆಲಸದಿಂದ ತೆಗೆದುಹಾಕುವುದು. ಆಟ ಇದನ್ನು ತಡೆಯುವುದಿಲ್ಲ, ಶಿಕ್ಷಿಸುವುದೂ ಇಲ್ಲ. ನಾನು ಮೊದಲ ಸಲ ಹಾಗೆ ಮಾಡಿದ ರಾತ್ರಿ, ಹಿಂದೊಮ್ಮೆ ಆಟಗಳ ದೋಷ ಪರೀಕ್ಷಿಸುವ ತಂಡವೊಂದನ್ನು ನಡೆಸುತ್ತಿದ್ದಾಗ ಬಿಡುಗಡೆಯ ಮುನ್ನಾ ವಾರ ಜ್ವರ ಬಂದ ಹುಡುಗನೊಬ್ಬನಿಗೆ ‘ಇವತ್ತೊಂದು ದಿನ’ ಎಂದಿದ್ದು ನೆನಪಾಯಿತು. ಆ ಆಟದ ಹೆಸರು ಈಗ ಯಾರಿಗೂ ನೆನಪಿಲ್ಲ.

ಇಲ್ಲಿಂದಲೇ ಎರಡು ಪಾಳಯ ಹುಟ್ಟಿದ್ದು. ವೀರರನ್ನು ‘ನನ್ನವರು’ ಎಂದುಕೊಂಡು, ಹೆಸರಿಟ್ಟು, ಆಯುಧ ಕೊಡಿಸಿ ಬೆಳೆಸುವವರಿಗೆ ಪ್ರತಿ ಸಾವೂ ಆಟ ಮಾಡಿದ ಅನ್ಯಾಯ. ತಮ್ಮನ್ನು ಎಸ್ಟೇಟಿನ ಯಜಮಾನ ಎಂದುಕೊಂಡವರಿಗೆ ಸಾವು ಒಂದು ಖರ್ಚು. ಒಂದೇ ಆಟವನ್ನು ಇಬ್ಬರು ಆಡುತ್ತಿರುತ್ತಾರೆ, ಎರಡು ಬೇರೆ ಆಟದ ಬಗ್ಗೆ ಬರೆಯುತ್ತಾರೆ. ಕಥನದ ಆಟಗಳಿಂದ ಬಂದವರು ಮೊದಲ ಗುಂಪಿಗೆ ಸೇರುವುದು ಸಹಜ, ಏಕೆಂದರೆ ಅಲ್ಲಿ ನಾಯಕನನ್ನು ಉಳಿಸುವುದೇ ಆಟ. ಆಟ ಶುರುವಾಗುವ ಮೊದಲೇ ಒಂದು ಪುಟದಲ್ಲಿ ವೀರರು ಸಾಯುತ್ತಾರೆ, ಕೆಟ್ಟ ಪರಿಸ್ಥಿತಿಯಲ್ಲಿ ಆದಷ್ಟು ಒಳ್ಳೆಯದನ್ನು ಮಾಡಿಕೊಳ್ಳುವುದೇ ಈ ಆಟ ಎಂದು ಎಚ್ಚರಿಸಿರುತ್ತದೆ ನಿಜ. ಆ ಪುಟವನ್ನು ಯಾರು ಓದುತ್ತಾರೆ? ಬಾಡಿಗೆ ಕರಾರುಪತ್ರವನ್ನು ಓದುವಷ್ಟೇ ಜನ.

ಒಟ್ಟಾರೆ ಸ್ವಾಗತ ಒಳ್ಳೆಯದೇ ಇತ್ತು ಎಂಬುದನ್ನು ಮರೆಯಬಾರದು. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನಲ್ಲಿ ಕಂಪ್ಯೂಟರ್ ಆವೃತ್ತಿಗೆ 84 ಬಂದಿದೆ, 2016ರ ಅಂತ್ಯದೊಳಗೆ ಹತ್ತು ಲಕ್ಷ ಪ್ರತಿಗಳು ಮಾರಾಟವಾದವು, ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಮೆಚ್ಚಿದವರೇ ಬಹುಪಾಲು. ಆದರೂ ಬೈಗುಳದ ಸದ್ದು ಅಷ್ಟು ದೊಡ್ಡದಾಗಿ ಕೇಳಿಸುವುದಕ್ಕೆ ಒಂದು ಇತಿಹಾಸವಿದೆ.

2015ರ ಜುಲೈಯಲ್ಲಿ, ಆಟ ಇನ್ನೂ ಅರೆಬೆಂದಿದ್ದಾಗಲೇ, ಒಂದು ಪರಿಷ್ಕರಣೆ ಬಂತು. ಅದುವರೆಗೆ ಎದುರಾಳಿಯ ಮುಂದಿನ ಸಾಲಿನವನನ್ನು ಕೊಂದರೆ ಹಿಂದಿನವನು ತಾನಾಗಿ ಮುಂದಕ್ಕೆ ಜರುಗುತ್ತಿದ್ದ. ಈ ಆಟದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದೇ ಪ್ರಾಣ. ಹಿಂದೆ ನಿಂತು ಬಾಣ ಬಿಡುವವನೋ ಮಂತ್ರ ಹಾಕುವವನೋ ಮುಂದೆ ಬಂದರೆ ಅರ್ಧ ಸತ್ತಂತೆ. ಆಟಗಾರರೆಲ್ಲ ಈ ಉಪಾಯ ಕಲಿತಿದ್ದರು. ಪರಿಷ್ಕರಣೆಯಾದ ಮೇಲೆ ಸತ್ತ ಶತ್ರುವಿನ ಹೆಣ ಅಲ್ಲೇ ಬಿದ್ದು ಜಾಗ ಹಿಡಿಯತೊಡಗಿತು. ಹೆಣವನ್ನು ಹೊಡೆದು ತೆರವು ಮಾಡಬೇಕು, ಇಲ್ಲವೇ ಹಿಂದಿನವರನ್ನು ಮುಟ್ಟಬಲ್ಲ ವೀರರನ್ನು ಕರೆತರಬೇಕು. ಒತ್ತಡ 200 ಆದರೆ ಹೃದಯಾಘಾತ ಎಂಬ ನಿಯಮವೂ ಅದೇ ಸುಮಾರಿಗೆ ಸೇರಿತು. ದೊಡ್ಡ ಗಲಾಟೆಯಾಯಿತು. ಮೆಚ್ಚಿ ಬರೆದಿದ್ದವರೇ ಬರಹ ತಿದ್ದಿ ಬೈದರು. ಕೊನೆಗೆ ಸಂಸ್ಥೆ ಹೆಣಗಳನ್ನೂ ಹೃದಯಾಘಾತವನ್ನೂ ಬೇಡವಾದವರು ನಿಲ್ಲಿಸಿಕೊಳ್ಳಬಹುದೆಂದು ಆಯ್ಕೆಗಳ ಪುಟದಲ್ಲಿ ಅನುಕೂಲ ಮಾಡಿಕೊಟ್ಟಿತು. ಅದು ಈಗಲೂ ಇದೆ.

ಇದರಲ್ಲಿ ನಾನು ಯಾರ ಕಡೆ? ವಿನ್ಯಾಸದ ದೃಷ್ಟಿಯಿಂದ ಸಂಸ್ಥೆಯ ಕಡೆ. ಹೆಣಗಳಿಲ್ಲದೆ ನಿಲುವಿನ ಲೆಕ್ಕಾಚಾರಕ್ಕೆ ಅರ್ಥವಿರಲಿಲ್ಲ; ಎಲ್ಲರೂ ಮುಂದಿನವನನ್ನೇ ಬಡಿಯುತ್ತ ಕೂರುತ್ತಿದ್ದರು. ಆದರೆ ಬೈದವರ ಸಿಟ್ಟಿನಲ್ಲಿ ಒಂದು ನ್ಯಾಯವಿತ್ತು. ಅವರು ಕೊಂಡು, ನೂರು ಗಂಟೆ ಆಡಿ, ನಿಯಮ ಕಲಿತು, ಅದರ ಮೇಲೆ ತಂಡ ಕಟ್ಟಿದ್ದರು. ಕವಡೆ ಕೈಯಲ್ಲಿರುವಾಗ ಮನೆಯ ನಿಯಮ ಬದಲಾಯಿತು ಎಂದರೆ ಯಾರು ಸುಮ್ಮನಿರುತ್ತಾರೆ? ಅರೆಬೆಂದ ಆಟವನ್ನು ಮಾರುವವರಿಗೆ ಅದು ಅಡುಗೆಮನೆ, ಕೊಂಡವರಿಗೆ ಬಡಿಸಿದ ಎಲೆ. ಎಲೆಯ ಮುಂದೆ ಕೂತವರಿಗೆ ‘ಸಾರು ಇನ್ನೂ ಕುದಿಯುತ್ತಿದೆ, ಉಪ್ಪು ಬದಲಿಸುತ್ತೇವೆ’ ಎಂದರೆ ಜಗಳವಾಗುತ್ತದೆ.

ಜೂಜು ಎಂಬ ಬೈಗುಳದಲ್ಲೂ ಹುರುಳಿಲ್ಲ ಎನ್ನಲಾರೆ. ಆಟ ಮುಖ್ಯವಾದದ್ದನ್ನು ಹೇಳಿಕೊಡುವುದಿಲ್ಲ. ಸಲಿಕೆ ಒಯ್ಯದಿದ್ದರೆ ದಾರಿಗೆ ಬಿದ್ದ ಕಲ್ಲುಮಣ್ಣನ್ನು ಕೈಯಲ್ಲೇ ತೆಗೆಯಬೇಕು, ಅದಕ್ಕೆ ಪ್ರಾಣಬಲವೂ ಒತ್ತಡವೂ ಬೆಳಕೂ ತೆರಬೇಕು ಎಂಬುದು ಒಮ್ಮೆ ಸಿಕ್ಕಿಬಿದ್ದ ಮೇಲೆಯೇ ತಿಳಿಯುವುದು. ಯಾವ ಜಾಗಕ್ಕೆ ಬ್ಯಾಂಡೇಜು ಹೆಚ್ಚು ಬೇಕು, ಎಲ್ಲಿಗೆ ವಿಷಹಾರಿ ಬೇಕು ಎಂಬುದನ್ನೂ ಹೆಣ ಬಿದ್ದ ಮೇಲೆ ಕಲಿಯಬೇಕು. ಹೀಗೆ ಮೊದಲ ಮೂವತ್ತು ಗಂಟೆ ಹೊಸಬನಿಗೆ ಎಲ್ಲವೂ ಹಣೆಬರಹದಂತೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ದೋಷ ಕೊನೆಯ ಮೂರನೆಯ ಒಂದು ಭಾಗದಲ್ಲಿದೆ, ಅದನ್ನು ನಿಮಗೆ ಮೊದಲೇ ಹೇಳಿಬಿಡುವುದು ವಾಸಿ. ಅನುಭವ ಹೆಚ್ಚಿದ ವೀರರು ಸುಲಭದ ದಂಡಯಾತ್ರೆಗೆ ಬರಲೊಪ್ಪುವುದಿಲ್ಲ. ಕೊನೆಯ ನೆಲಮಾಳಿಗೆಯಲ್ಲಿ ನಾಲ್ಕು ಯಾತ್ರೆಗಳಿವೆ. ಒಂದನ್ನು ಮುಗಿಸಿ ಬಂದ ವೀರ ಮತ್ತೆ ಅಲ್ಲಿಗೆ ಕಾಲಿಡುವುದಿಲ್ಲ. ಅಲ್ಲಿಂದ ನಡುವೆ ಓಡಿಬರಬೇಕೆಂದರೆ ನಾಲ್ವರಲ್ಲಿ ಒಬ್ಬರು ಹಿಂದೆ ಉಳಿದು ಸಾಯಲೇಬೇಕು. ಕೇಳುವುದಕ್ಕೆ ಇದು ಅದ್ಭುತ. ಆಡುವವನಿಗೆ ಇದರ ಅರ್ಥ ಏನೆಂದರೆ, ನಾಲ್ಕಾರು ಪಕ್ವ ತಂಡಗಳನ್ನು ಸೊನ್ನೆಯಿಂದ ಬೆಳೆಸುವ ಗಾಣದೆತ್ತಿನ ದುಡಿಮೆ. ಅರವತ್ತು, ಎಂಬತ್ತು ಗಂಟೆ ಆಡಿದವರು ಬೈದು ಬರೆದದ್ದನ್ನು ನೋಡಿ ‘ಬೇಡವಾಗಿದ್ದರೆ ಇಷ್ಟು ಹೊತ್ತು ಆಡಿದ್ದೇಕೆ’ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ. ಅವರು ಬೈಯುತ್ತಿರುವುದು ಕಷ್ಟವನ್ನಲ್ಲ, ಬೇಸರವನ್ನು. ಸಂಸ್ಥೆಗೂ ಇದು ಅರ್ಥವಾಗಿರಬೇಕು, 2017ರಲ್ಲಿ ‘ರೇಡಿಯಂಟ್’ ಎಂಬ ವಿಧಾನ ಸೇರಿಸಿತು. ಅದರಲ್ಲಿ ವೀರರು ಬೇಗ ಬೆಳೆಯುತ್ತಾರೆ, ಊರಿನ ಕಟ್ಟಡಗಳ ಖರ್ಚು ಕಡಿಮೆ, ಹಳಬರೂ ಕೆಳಗಿನ ಯಾತ್ರೆಗಳಿಗೆ ಬರುತ್ತಾರೆ. ಸಾವು ಮಾತ್ರ ಮೊದಲಿನಷ್ಟೇ ಖಾಯಂ.

ನಿಮ್ಹಾನ್ಸ್ ಇರುವ ಊರಿನವನಾಗಿ ಇನ್ನೊಂದು ತಕರಾರು. ವೀರರ ಮನೋವ್ಯಾಧಿಗಳನ್ನು ಮಂಚಕ್ಕೆ ಕಟ್ಟಿ ‘ತೆಗೆಯುವ’ ಆಸ್ಪತ್ರೆಯೊಂದು ಆಟದಲ್ಲಿದೆ. ಹಳೆಯ ಭಯಾನಕ ಕಥೆಗಳ ಆ ಸಾಮಾನು ನನಗೆ ರುಚಿಸುವುದಿಲ್ಲ. ಒತ್ತಡವನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಆಟ ಅಲ್ಲಿ ಮಾತ್ರ ಸೋಮಾರಿಯಾಗಿದೆ.

ಎರಡನೆಯ ಭಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಸೇಲಿನಲ್ಲಿ ಕಂಡರೆ ಕೈ ಹೋಗುತ್ತದೆ ಎಂದು ಹೇಳುತ್ತೇನೆ. 2021ರಲ್ಲಿ ಅರೆಬೆಂದು ಬಂದು 2023ರ ಮೇಯಲ್ಲಿ ಪೂರ್ಣವಾದ ಅದರಲ್ಲಿ ಊರೇ ಇರಲಿಲ್ಲ. ಬಂಡಿಯಲ್ಲಿ ಒಂದೇ ಪಯಣ, ಸೋತರೆ ಮತ್ತೊಂದು. ಊರಿನ ಲೆಕ್ಕಾಚಾರಕ್ಕೆ ಮನಸೋತಿದ್ದ ಹಳಬರು ಮುನಿಸಿಕೊಂಡರು. 2025ರ ಜನವರಿಯಲ್ಲಿ ‘ಕಿಂಗ್‌ಡಮ್ಸ್’ ಎಂಬ ವಿಧಾನವನ್ನು ಉಚಿತವಾಗಿ ಸೇರಿಸಿ ನಿರ್ವಹಣೆಯನ್ನು ಮರಳಿ ತಂದರು. ನಿಮಗೆ ಸದ್ಯಕ್ಕೆ ಬೇಡ.

ಅಮ್ಮನ ಪ್ರಶ್ನೆಗೆ ಬರುತ್ತೇನೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು, ಅವರಿಗೆ ನೆನಪಿರುತ್ತದೆ. ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವ ಅದನ್ನು ಓದಿ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ನಮ್ಮ ಬೀದಿಯ ಮಕ್ಕಳಿಗೆಲ್ಲ ಸುಣ್ಣದ ತುಂಡು ಹಿಡಿದು ಬರೆಯುವುದೇ ಹಬ್ಬವಾಗಿತ್ತು. ಭಯಕ್ಕೆ ಒಂದು ನಿಯಮ ಸಿಕ್ಕರೆ ಅದರ ಜೊತೆ ಆಡಬಹುದು, ಆ ಖುಷಿಗೇ ನೀವು ದುಡ್ಡು ಕೊಟ್ಟಿದ್ದು.

ಆ ಸುಣ್ಣದ ಬರಹದಲ್ಲೇ ನಿಮ್ಮ ಆಟಕ್ಕೂ ಒಂದು ಉಪಾಯವಿದೆ. ಸಾಮಾನ್ಯ ವಿಧಾನದಲ್ಲಿ ವಾರಗಳಿಗೆ ಮಿತಿಯೇ ಇಲ್ಲ. ನೂರು ವಾರವಾದರೂ ಯಾರೂ ಕೇಳುವುದಿಲ್ಲ. ನಿಮ್ಮ ಬರವಣಿಗೆ ನೋಡಿದರೆ ಶುಕ್ರವಾರ ಸಂಜೆಯೊಳಗೆ ಕೆಲಸ ಒಪ್ಪಿಸಬೇಕಾದವರಂತೆ ಆಡುತ್ತಿದ್ದೀರಿ. ಒಳ್ಳೆಯ ತಂಡ ದಣಿದಿದ್ದರೆ ಬಂಗಲೆಗೆ ‘ನಾಳೆ ಬಾ’ ಎಂದು ಹೇಳಿ, ಹೊಸಬರನ್ನು ಚಿಕ್ಕ ಯಾತ್ರೆಗೆ ಕಳಿಸಿ. ಒತ್ತಡ 40 ದಾಟಿದವರನ್ನು ಕಳಿಸುವುದಿಲ್ಲ ಎಂಬುದು ನನ್ನ ಸ್ವಂತ ನಿಯಮ. ಮದ್ದು ಮಾಡುವವರಿಗೆ 20. ತಿಂಡಿ, ಪಂಜು, ಸಲಿಕೆ ಬೇಕೆನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಳ್ಳಿ, ಉಳಿದರೆ ಅದು ನಷ್ಟವಲ್ಲ, ವಿಮೆಯ ಕಂತು. ಒಂದೇ ಕೋಣೆ ಬಾಕಿ ಎಂಬ ಮಾತು ಮನಸ್ಸಿಗೆ ಬಂದ ಕೂಡಲೇ ಎಚ್ಚರವಾಗಿ. ಯಾತ್ರೆ ಬಿಟ್ಟು ಬಂದರೆ ಎಲ್ಲರಿಗೂ ಒತ್ತಡ ಏರುತ್ತದೆ, ಬಹುಮಾನ ಹೋಗುತ್ತದೆ, ಆದರೆ ನಾಲ್ವರು ನಡೆದುಕೊಂಡು ಊರಿಗೆ ಬರುತ್ತಾರೆ. ನಿಮ್ಮ ಶನಿವಾರ ರಾತ್ರಿ ಇಷ್ಟು ಸಾಕಾಗುತ್ತಿತ್ತು.

ಮುಂದುವರಿಸಬೇಕೇ? ಪತ್ರ ಬರೆಯುವಷ್ಟು ಕಾಡಿದ್ದರೆ ಮುಂದುವರಿಸಿ, ಆದರೆ ಈಗ ನಡುವೆ ನಿಂತಿರುವ ಆಟವನ್ನಲ್ಲ. ರೇಡಿಯಂಟ್ ವಿಧಾನದಲ್ಲಿ ಹೊಸದಾಗಿ ಶುರು ಮಾಡಿ. ನಡುವೆ ಬದಲಿಸಿಕೊಳ್ಳಲು ಆಗುವುದಿಲ್ಲ. ಇಪ್ಪತ್ತೆರಡು ವಾರ ಹೋಯಿತಲ್ಲ ಎಂದು ಮರುಗಬೇಡಿ, ಆ ದಾರಿಯನ್ನು ಈಗ ಅರ್ಧ ಹೊತ್ತಿನಲ್ಲಿ ನಡೆಯುತ್ತೀರಿ. ಇಲ್ಲ, ಕವಡೆಯ ಸಹವಾಸವೇ ಬೇಡ ಎನ್ನುವುದಾದರೆ ನ್ಯೂಜಿಲೆಂಡಿನವರ ‘ಡ್ರೆಜ್’ ನೋಡಿ: 2023ರಲ್ಲಿ ಬಂದ ಮೀನು ಹಿಡಿಯುವ ಆಟ, ಕತ್ತಲಾದ ಮೇಲೂ ದೋಣಿ ದಡ ಸೇರದಿದ್ದರೆ ಸಮುದ್ರದಲ್ಲಿ ಇಲ್ಲದ್ದೆಲ್ಲ ಕಾಣತೊಡಗುತ್ತದೆ. ಲೆಕ್ಕಾಚಾರವೂ ಬೇಕು, ದೆವ್ವ ಬೇಡ ಎಂದರೆ ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ ಮಾಡಿದ ‘ದಿಸ್ ವಾರ್ ಆಫ್ ಮೈನ್’ ಇದೆ, 2014ರದು. ಮುತ್ತಿಗೆಗೆ ಸಿಕ್ಕಿದ ಊರಿನಲ್ಲಿ ಸಾಮಾನ್ಯ ಜನರನ್ನು ಬದುಕಿಸುವ ಆಟ. ಅದನ್ನು ಮಾತ್ರ ಮಲಗುವ ಮುನ್ನ ಆಡಬೇಡಿ. ದೆವ್ವ ಇಲ್ಲದ್ದೇ ಅದರ ತೊಂದರೆ.

ಹೊಸ ಆಟದಲ್ಲಿ ಬಂಡಿ ಬಂದಾಗ ವೆಸ್ಟಲ್ ಇದ್ದರೆ ಒಬ್ಬಳಲ್ಲ, ಇಬ್ಬರನ್ನು ಇಟ್ಟುಕೊಳ್ಳಿ, ಒಬ್ಬಳು ಮಂದಿರದಲ್ಲಿರುವಾಗ ಇನ್ನೊಬ್ಬಳು ಹೊರಡಲಿ. ಸಹೋದ್ಯೋಗಿಗಳ ಹೆಸರು ಮಾತ್ರ ಮತ್ತೆ ಇಡಬೇಡಿ. ಇಡಲೇಬೇಕೆಂದರೆ ನಿಮ್ಮ ಮ್ಯಾನೇಜರರ ಹೆಸರಿಡಿ, ಅವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ.